ದನದ ಕಿವಿಗೆ ನಂಬರು, ಕೂಸಿನ ಸೂಜಿಗೆ ಲೆಕ್ಕವಿಲ್ಲ



ಚಳ್ಳಕೆರೆಯ ಬ್ಯಾಂಕಿನಲ್ಲಿ ನಿಮ್ಮ ಬೆಳೆಸಾಲ ಬಾಕಿ ಇದ್ದರೆ ಅದು ಬಳ್ಳಾರಿಯ ಬ್ಯಾಂಕಿನವರಿಗೂ ಗೊತ್ತು, ಬೆಂಗಳೂರಿನವರಿಗೂ ಗೊತ್ತು. ಮಗನ ಓದಿಗೆ ಅಂತ ಎಲ್ಲೋ ದೂರದ ಶಾಖೆಯಲ್ಲಿ ಕೈಕಟ್ಟಿ ನಿಂತರೂ ಅಲ್ಲಿಯ ಗುಮಾಸ್ತ ಎರಡು ಗುಂಡಿ ಒತ್ತಿ ನಿಮ್ಮ ಬಾಕಿಯನ್ನು ಬಡ್ಡಿ ಸಮೇತ ಓದಿ ಹೇಳುತ್ತಾನೆ. ನಿಮ್ಮ ಹೊಲದ ಪಹಣಿ ಭೂಮಿ ಯೋಜನೆ ಬಂದಾಗಿನಿಂದ ಕಂಪ್ಯೂಟರಿನಲ್ಲಿದೆ. ಕೊಟ್ಟಿಗೆಯ ಎಮ್ಮೆಯ ಕಿವಿಯಲ್ಲಿ ಹಳದಿ ಬಿಲ್ಲೆ ತೂಗುತ್ತಿದೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಕಾಲುಬಾಯಿ ಜ್ವರದ ಲಸಿಕೆ ಕಾರ್ಯಕ್ರಮದಲ್ಲಿ ಹಾಕಿದ ಬಿಲ್ಲೆ ಅದು. ಅದರ ಮೇಲೆ 12 ಅಂಕಿಯ ನಂಬರು. ಎಮ್ಮೆಯನ್ನು ಮಾರಿ ಅದು ಇನ್ನೊಂದು ತಾಲ್ಲೂಕಿಗೆ ಹೋದರೂ ಆ ನಂಬರಿನ ಮೇಲೆ ಯಾವಾಗ ಯಾವ ಲಸಿಕೆ ಬಿತ್ತು ಅನ್ನೋದು ಸಿಗಬೇಕು ಎಂಬುದು ಲೆಕ್ಕಾಚಾರ.

ಈಗ ಅದೇ ಮನೆಯ ಒಂದೂವರೆ ವರ್ಷದ ಕೂಸಿಗೆ ಎಷ್ಟು ಸೂಜಿ ಬಿದ್ದಿವೆ, ಎಷ್ಟು ಬಾಕಿ ಇವೆ ಅಂತ ಕೇಳಿ ನೋಡಿ. ಅಜ್ಜಿ ಒಂದು ಹೇಳ್ತಾಳೆ, ತಾಯಿ ಒಂದು ಹೇಳ್ತಾಳೆ. ಅಪ್ಪನಿಗೆ ಗೊತ್ತೇ ಇಲ್ಲ. "ಎಲ್ಲಾ ಹಾಕ್ಸೀವಿ ಬಿಡಣ್ಣ" ಎಂಬುದೇ ಉತ್ತರ. ಕಾರ್ಡು ಎಲ್ಲಿ ಅಂದರೆ ಟ್ರಂಕಿನಲ್ಲಿದೆ, ತವರಿನಲ್ಲಿದೆ, ಇಲ್ಲವೆ ಮಳೆಗೆ ನೆನೆದು ಹಿಟ್ಟಾಗಿದೆ.

ಬೆಲೆ, ಬಡ್ಡಿ, ಬೆಳೆವಿಮೆ ಬಗ್ಗೆ ಬರೆಯುವ ಪತ್ರಿಕೆಗೆ ಇದೇನು ಬಂತು, ಇದು ಹೆಂಗಸರ ವಿಷಯವಲ್ಲವೆ ಎಂದು ಮೂಗು ಮುರಿಯುವವರು ಇದ್ದಾರೆ. ಅವರಿಗೆ ಒಂದು ಲೆಕ್ಕ ಹೇಳುತ್ತೇವೆ. ಮಗುವಿಗೆ ಹಾಕುವ ಲಸಿಕೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಪೈಸೆ ಇಲ್ಲ. ಅದು ತಪ್ಪಿ ದಡಾರ ಬಂದು, ದಡಾರದ ಹಿಂದೆ ಎದೆ ಕಟ್ಟಿ, ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಚಿತ್ರದುರ್ಗಕ್ಕೋ ಬಳ್ಳಾರಿಗೋ ಓಡಬೇಕಾದರೆ ದುಡ್ಡು ಎಲ್ಲಿಂದ ಬರುತ್ತೆ? ಆ ಹೊತ್ತಿನಲ್ಲಿ ಸೊಸೈಟಿ ತೆರೆದಿರೋದಿಲ್ಲ, ಬ್ಯಾಂಕು ಆಸ್ಪತ್ರೆಗೆ ಸಾಲ ಕೊಡೋದಿಲ್ಲ. ನೂರಕ್ಕೆ ಐದು ರೂಪಾಯಿ ಬಡ್ಡಿಗೆ ಹತ್ತು ಸಾವಿರ ಕೈಗಡ ತಂದರೆ ತಿಂಗಳಿಗೆ 500, ವರ್ಷಕ್ಕೆ 6000 ಬರೀ ಬಡ್ಡಿ. ಅಸಲು ಹಾಗೇ ಕುಳಿತಿರುತ್ತದೆ. ಸಾಲಮನ್ನಾ ಆದಾಗಲೂ ಈ ಸಾಲ ಯಾವ ಪಟ್ಟಿಯಲ್ಲೂ ಇರೋದಿಲ್ಲ. ಶೇಂಗಾ ಮಾರಿದ ದುಡ್ಡು ನೇರವಾಗಿ ಬಡ್ಡಿಯವನ ಕೈಗೆ. ರೈತನ ಸಾಲದ ಬೇರು ಹುಡುಕುವವರು ಬೀಜ ಗೊಬ್ಬರದ ಅಂಗಡಿಯ ಹತ್ತಿರವೇ ನಿಂತುಬಿಟ್ಟರೆ ಆಗಲಿಲ್ಲ, ಆಸ್ಪತ್ರೆಯ ಬಾಗಿಲ ತನಕ ಬರಬೇಕು.

ಬಿ.ಜಿ. ಕೆರೆ ಹೆದ್ದಾರಿ ಬದಿಯ ಊರು. ಒಂದು ಕಡೆ ಚಳ್ಳಕೆರೆ, ಇನ್ನೊಂದು ಕಡೆ ರಾಂಪುರ ದಾಟಿ ಬಳ್ಳಾರಿ. ಬಸ್ಸು ಸಿಗುತ್ತೆ, ಲಾರಿ ಸಿಗುತ್ತೆ. ಹಾಗಾಗಿ ನಮ್ಮನ್ನು ಯಾರೂ ಕುಗ್ರಾಮದವರು ಅನ್ನೋದಿಲ್ಲ. ಆದರೆ ಟಾರು ರಸ್ತೆ ಬಿಟ್ಟು ಮಣ್ಣುದಾರಿ ಹಿಡಿದು ಹಟ್ಟಿಗಳ ಕಡೆ ನಡೆದರೆ ಮೊಬೈಲಿನ ಗೆರೆ ಒಂದೊಂದೇ ಮಾಯವಾಗುತ್ತೆ. ಪೂರ್ವಕ್ಕೆ ಹೋದರೆ ಆಂಧ್ರದ ಗಡಿ. ಮೊಳಕಾಲ್ಮೂರಿನವರಿಗೆ ಚಿತ್ರದುರ್ಗಕ್ಕಿಂತ ರಾಯದುರ್ಗ ಹತ್ತಿರ. ಹೆಣ್ಣು ಕೊಡೋದು ತರೋದು ಗಡಿ ನೋಡಿ ಮಾಡಿದ್ದಲ್ಲ. ಭಾಷೆ ಎರಡು, ಬಂಧುಬಳಗ ಒಂದು.

ಈ ನೆಲದಲ್ಲಿ ಹುಟ್ಟುವ ಒಂದು ಕೂಸನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಯಾರದ್ದೋ ಮನೆಯ ಕೂಸಲ್ಲ, ಎಲ್ಲರ ಮನೆಯದ್ದೂ ಹೌದು. ಸೊಸೆಯ ಚೊಚ್ಚಲು ಹೆರಿಗೆ ತವರಿನಲ್ಲಿ, ರಾಯದುರ್ಗದ ಕಡೆ. ಹುಟ್ಟಿದ ಕೂಡಲೆ ಕ್ಷಯದ ಬಿ.ಸಿ.ಜಿ., ಪೋಲಿಯೋ ಹನಿ, ಕಾಮಾಲೆಯ ಹೆಪಟೈಟಿಸ್-ಬಿ ಸೂಜಿ ಅಲ್ಲೇ ಆಯಿತು. ಆರು ವಾರಕ್ಕೆ, ಹತ್ತು ವಾರಕ್ಕೆ, ಹದಿನಾಲ್ಕು ವಾರಕ್ಕೆ ಐದು ರೋಗಕ್ಕೆ ಸೇರಿಸಿ ಹಾಕುವ ಸೂಜಿ, ಅಂದರೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲೆ, ಹಿಬ್ ಎಂಬ ಮೆದುಳುಜ್ವರ ನ್ಯುಮೋನಿಯಾ ತರುವ ರೋಗ, ಇಷ್ಟಕ್ಕೂ ಒಂದೇ ಸೂಜಿ. ಅದೂ ತವರಿನಲ್ಲೇ ಆಯಿತು. ಐದನೇ ತಿಂಗಳಿಗೆ ಬಾಣಂತಿ ತೊಟ್ಟಿಲು ಸಮೇತ ಗಂಡನ ಮನೆಗೆ ಬಂದಳು. ಅಲ್ಲಿಯ ಕಾರ್ಡು ತೆಲುಗಿನಲ್ಲಿದೆ. ಇಲ್ಲಿಯ ತಾಯಿ ಕಾರ್ಡು ಬಸುರಿಯಾದಾಗ ಮಾಡಿಸಿದ್ದು, ಅದರಲ್ಲಿ ಮಗುವಿನ ಪುಟ ಖಾಲಿ. ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾದ ಮೊದಲ ಸೂಜಿ ಬೀಳಬೇಕು. ಕೂಸು ಯುಗಾದಿ ಹೊತ್ತಿಗೆ ಹುಟ್ಟಿದ್ದರೆ ಒಂಬತ್ತು ತಿಂಗಳು ತುಂಬೋದು ಯಾವಾಗ? ಡಿಸೆಂಬರ್, ಜನವರಿ. ಶೇಂಗಾ ಕಿತ್ತಾಗಿದೆ, ಮಳೆ ಕೈಕೊಟ್ಟ ವರ್ಷವಾದರೆ ಕೀಳುವುದಕ್ಕೂ ಏನಿಲ್ಲ, ಗಂಡ ಹೆಂಡಿರು ಗಂಟುಮೂಟೆ ಕಟ್ಟಿ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಂಡ್ಯದ ಕಬ್ಬಿನ ಗದ್ದೆಗೋ ಕಾಫಿ ತೋಟಕ್ಕೋ ಹೊರಡುವ ಕಾಲ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತಲ್ಲ, ಆ ವರ್ಷ ಹೊರಟವರಲ್ಲಿ ಪಹಣಿ ಇದ್ದವರೇ ಕಡಿಮೆಯೇನಲ್ಲ. ಬೋರು ಬತ್ತಿದರೆ ಹತ್ತು ಎಕರೆಯವನೂ ಕೂಲಿಯವನೇ.

ಊರಿನ ಆಶಾ ಮನೆ ಹತ್ತಿರ ಬಂದರೆ ಬಾಗಿಲಿಗೆ ಬೀಗ. "ವಲಸೆ" ಎಂದು ಬರೆದುಕೊಂಡು ಹೋಗುತ್ತಾಳೆ. ಬೆಂಗಳೂರಿನ ಶೆಡ್ಡಿನ ಹತ್ತಿರ ಯಾರಾದರೂ ಬಂದರೆ, "ನಮ್ಮೂರಾಗೆ ಹಾಕ್ಸೀವಿ ಅಕ್ಕ" ಅಂತಾರೆ. ಆಂಧ್ರದ ಲೆಕ್ಕದಲ್ಲಿ ಆ ಮಗು ಗಂಡನ ಮನೆಗೆ ಹೋಯಿತು, ನಮ್ಮ ಲೆಕ್ಕದಲ್ಲಿ ಬೆಂಗಳೂರಿಗೆ ಹೋಯಿತು, ಬೆಂಗಳೂರಿನ ಲೆಕ್ಕಕ್ಕೆ ಬರಲೇ ಇಲ್ಲ. ಮೂರು ಕಡೆಯವರೂ ತಮ್ಮ ತಮ್ಮ ಪುಸ್ತಕದಲ್ಲಿ ತಪ್ಪಿಲ್ಲದ ಹಾಗೆ ಬರೆದಿದ್ದಾರೆ. ಸೂಜಿ ಮಾತ್ರ ಬಿದ್ದಿಲ್ಲ.

ಹೋಗಲಿ, ತಡವಾಗಿ ಹಾಕಿಸಿದರಾಯಿತು ಎಂದರೆ ಅದಕ್ಕೂ ಗಡುವು ಇದೆ. ಬಿ.ಸಿ.ಜಿ. ಒಂದು ವರ್ಷದೊಳಗೇ ಆಗಬೇಕು. ಐದು ರೋಗದ ಸೂಜಿಯ ಮೊದಲ ಸುತ್ತು ಒಂದು ವರ್ಷದೊಳಗೆ ಶುರುವಾಗಿರಬೇಕು. ದಡಾರದ್ದನ್ನು ಐದು ವರ್ಷದ ತನಕ ಹಾಕಬಹುದು. ನಡುವೆ ಒಂದು ಸುತ್ತು ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ಇದು ಎಷ್ಟೋ ತಾಯಂದಿರಿಗೆ ಗೊತ್ತಿಲ್ಲ, "ತಡವಾಯ್ತು ಬೈತಾರೆ" ಅಂತ ಹೆದರಿ ಹೋಗೋದನ್ನೇ ಬಿಡುತ್ತಾರೆ. ಆದರೆ ನಿಂತದ್ದು ಎಲ್ಲಿ ಅನ್ನೋದು ತಿಳಿಯಬೇಕಲ್ಲ? ಅದನ್ನು ಹೇಳುವ ಕಾಗದ ತಾನೇ ಕಳೆದಿರೋದು.

ಲೆಕ್ಕ ಇಲ್ಲದಿದ್ದರೆ ಇನ್ನೊಂದು ನಷ್ಟವಿದೆ, ಅದು ಹೊರಗಿನವರ ಕಣ್ಣಿಗೆ ಬೀಳೋದಿಲ್ಲ. ಬಿ.ಸಿ.ಜಿ. ಮತ್ತು ದಡಾರದ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ, ನೀರು ಬೆರೆಸಿ ಕಲಸಬೇಕು. ಒಂದು ಬಾಟಲಿ ಒಡೆದರೆ ಹಲವು ಮಕ್ಕಳಿಗಾಗುತ್ತೆ, ಆದರೆ ಕಲಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಬೇರೆ ಕೆಲವು ಲಸಿಕೆಯ ಬಾಟಲಿಗಳನ್ನು ತೆರೆದ ಮೇಲೂ ತಣ್ಣಗೆ, ಎರಡರಿಂದ ಎಂಟು ಡಿಗ್ರಿಯೊಳಗೆ ಇಟ್ಟರೆ 28 ದಿನ ಬಳಸಬಹುದು, ಇವುಗಳನ್ನು ಆಗದು. ಹಟ್ಟಿಯ ಅಂಗನವಾಡಿಯಲ್ಲಿ ಸಿಸ್ಟರ್ ಪೆಟ್ಟಿಗೆ ತೆರೆದು ಕುಳಿತಾಗ ಬಂದದ್ದು ಒಂದೇ ಮಗು. ಇನ್ನೂ ಮೂರು ಮಕ್ಕಳು ಬರಬೇಕೋ, ಇರೋದೇ ಒಂದೋ? ಪಟ್ಟಿ ಸರಿಯಿದ್ದರೆ ಕಾಯಬಹುದು, ಕರೆಸಬಹುದು. ಪಟ್ಟಿ ಇಲ್ಲದಿದ್ದರೆ "ಮುಂದಿನ ಸಲ ಬಾ ಅಕ್ಕ" ಅಂತಾರೆ. ಒಂದು ಮಗುವಿಗೆ ಬಾಟಲಿ ಒಡೆದು ಉಳಿದದ್ದು ಚೆಲ್ಲಿದರೂ ಚಿಂತೆಯಿಲ್ಲ ಎಂಬುದು ನಮ್ಮ ಮಾತು. ಎರಡು ಮೈಲಿ ನಡೆದು ಅರ್ಧ ದಿನದ ಕೂಲಿ ಬಿಟ್ಟು ಬಂದ ತಾಯಿ ವಾಪಸು ಹೋದರೆ ಮತ್ತೆ ಬರುವುದು ಅನುಮಾನ.

ಹಿಂದಿನವರು ಇದನ್ನು ಹೇಗೆ ನಿಭಾಯಿಸಿದರು? ನಮ್ಮ ಅಪ್ಪ ಅವ್ವಂದಿರ ತೋಳು ನೋಡಿ. ದೇವಿ ಹಾಕಿಸಿದ ಕಲೆ, ಕಾಸಿನಗಲ. ಅವರು ಕಾಶಿಗೆ ಹೋದರೂ ಆ ಲೆಕ್ಕ ಅವರ ಜೊತೆಗೇ ಬಂತು, ಯಾವ ಗುಮಾಸ್ತನೂ ತಿದ್ದಲಾಗದ ಲೆಕ್ಕ. ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತವರೇ ತೋಳೂ ಕೊಟ್ಟರು. ಎರಡಕ್ಕೂ ಜಗಳ ಬರಲಿಲ್ಲ. 1975ರ ನಂತರ ಈ ದೇಶದಲ್ಲಿ ಸಿಡುಬು ಹುಟ್ಟಿಲ್ಲ. 1995ರಲ್ಲಿ ಪಲ್ಸ್ ಪೋಲಿಯೋ ಬಂದಾಗಲೂ ಹಾಗೇ. ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಮಸಿ. ಮನೆಯ ಗೋಡೆಯ ಮೇಲೆ ಸೀಮೆಸುಣ್ಣದ ಗುರುತು. ಬಸ್ ನಿಲ್ದಾಣದಲ್ಲಿ, ರೈಲಿನಲ್ಲಿ, ಇಟ್ಟಿಗೆ ಗೂಡಿನಲ್ಲಿ ಬೆರಳು ಹಿಡಿದು ನೋಡಿದರೆ ಸಾಕು. ಹೆಸರು ಬೇಡ, ಊರು ಬೇಡ, ಆಧಾರ್ ಬೇಡ. 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡ ಮಗುವೇ ಕೊನೆ, 2014ರ ಮಾರ್ಚಿಯಲ್ಲಿ ಭಾರತಕ್ಕೆ ಪೋಲಿಯೋ ಇಲ್ಲ ಎಂಬ ಪ್ರಮಾಣಪತ್ರ ಬಂತು. ವಲಸೆ ಹೋಗುವವರ ಮಕ್ಕಳನ್ನು ಹಿಡಿದಿದ್ದಕ್ಕೇ ಅದು ಸಾಧ್ಯವಾಯಿತು.

ಈಗಿನ ಸೂಜಿಗಳು ಒಂದೆರಡಲ್ಲ. ಬಿ.ಸಿ.ಜಿ. ಬಿಟ್ಟರೆ ಯಾವುದೂ ಕಲೆ ಉಳಿಸೋದಿಲ್ಲ. ಎಷ್ಟು ಬೆರಳಿಗೆ ಮಸಿ ಹಚ್ಚಲಿಕ್ಕಾಗುತ್ತೆ? ಬರೆದಿಡಲೇಬೇಕು. ಬರೆದದ್ದು ಮಗುವಿನ ಹಿಂದೆ ಹೋಗಬೇಕು, ಮಗು ಬರೆದದ್ದರ ಹಿಂದೆ ಅಲೆಯುವಂತಾಗಬಾರದು.

ಸರ್ಕಾರ ಏನೂ ಮಾಡಿಲ್ಲ ಎಂದರೆ ಅದು ಸುಳ್ಳು. ಲೆಕ್ಕ ಇದೆ, ಒಂದಲ್ಲ, ನಾಲ್ಕು ಇವೆ, ಒಂದರ ಮುಖ ಒಂದು ನೋಡಿಲ್ಲ ಅಷ್ಟೆ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದಾಗಿನಿಂದ ಸಿಸ್ಟರ್ ಹತ್ತಿರ ದೊಡ್ಡ ರಿಜಿಸ್ಟರು. ತಾಯಿಯ ಹತ್ತಿರ ಕಾರ್ಡು. 2009ರಿಂದ ತಾಯಿ-ಮಗುವಿನ ಜಾಡು ಹಿಡಿಯುವ ಕಂಪ್ಯೂಟರ್ ವ್ಯವಸ್ಥೆ ಬಂತು, ಅದು ಹೋಗಿ ಆರ್.ಸಿ.ಎಚ್. ಪೋರ್ಟಲ್ ಬಂತು. ಅಂಗನವಾಡಿಯವರದ್ದು ಬೇರೆ ಇಲಾಖೆ, ಅವರಿಗೆ ಬೇರೆ ಮೊಬೈಲು, ಬೇರೆ ಲೆಕ್ಕ. ಕೊರೋನಾ ಬಂದಾಗ 2021ರ ಜನವರಿಯಲ್ಲಿ ಕೋವಿನ್ ಬಂತು. ಅದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಬೆಂಗಳೂರಿನಲ್ಲಿ ಮೊದಲ ಡೋಸ್ ಹಾಕಿಸಿಕೊಂಡ ಹುಡುಗ ಊರಿಗೆ ಬಂದು ಎರಡನೇದು ಹಾಕಿಸಿಕೊಂಡ, ಸರ್ಟಿಫಿಕೇಟಿನಲ್ಲಿ ಎರಡೂ ಬಂತು. ದೊಡ್ಡವರಿಗೆ ಆಗಿದ್ದು ಕೂಸುಗಳಿಗೆ ಯಾಕಾಗಬಾರದು? ಆ ಮಾದರಿಯ ಮೇಲೆಯೇ 2023ರ ಜನವರಿಯಲ್ಲಿ ದೇಶದ 65 ಜಿಲ್ಲೆಗಳಲ್ಲಿ ಯು-ವಿನ್ ಎಂಬುದನ್ನು ಪ್ರಯೋಗಕ್ಕೆ ಬಿಟ್ಟರು. ಆ ವರ್ಷದ ಆಗಸ್ಟಿನಲ್ಲಿ ನಡೆದ ಇಂದ್ರಧನುಷ್ ಲಸಿಕಾ ಅಭಿಯಾನದಲ್ಲಿ ಎಲ್ಲ ಜಿಲ್ಲೆಗೂ ಹಚ್ಚಿದರು. ಬಸುರಿಯನ್ನು, ಹುಟ್ಟಿದ ಕೂಸನ್ನು ನೋಂದಾಯಿಸಿದರೆ ದೇಶದ ಯಾವ ಸರ್ಕಾರಿ ಲಸಿಕಾ ಕೇಂದ್ರದಲ್ಲಾದರೂ ಹಿಂದಿನದ್ದು ನೋಡಿ ಮುಂದಿನದ್ದು ಹಾಕಬಹುದು ಎಂಬುದು ಅದರ ಉದ್ದೇಶ. ಗಡಿಯ ಊರಿನವರಾದ ನಮಗೆ ಇದಕ್ಕಿಂತ ಬೇಕಾದ ವಸ್ತು ಇನ್ನೊಂದಿಲ್ಲ. ಇದನ್ನು ನಾವು ಸ್ವಾಗತಿಸುತ್ತೇವೆ.

ಆದರೆ ಭೂಮಿ ಯೋಜನೆ ಬಂದಾಗಲೂ ನಾವು ಸ್ವಾಗತಿಸಿದ್ದೆವು. ಕೈಬರಹದ ಪಹಣಿ ನಿಂತಿತು, ಶಾನುಭೋಗರ ಕಾಲದ ಕಾಟ ತಪ್ಪಿತು, ಅದು ನಿಜ. ಹೆಸರಿನ ಒಂದು ಅಕ್ಷರ, ಸರ್ವೆ ನಂಬರಿನ ಒಂದು ಹಿಸ್ಸೆ ತಪ್ಪಿ ಕುಳಿತದ್ದನ್ನು ತಿದ್ದಿಸಲಿಕ್ಕೆ ಎಷ್ಟು ಜನ ಎಷ್ಟು ವರ್ಷ ಕಚೇರಿ ಮೆಟ್ಟಿಲು ಹತ್ತಿಳಿದರು ಅನ್ನೋದೂ ನಿಜ. ತಪ್ಪು ಬರೆದವರು ಅವರು, ತಿದ್ದಿಸುವ ಕೆಲಸ ನಮ್ಮದು. ಲಸಿಕೆಯ ಲೆಕ್ಕದಲ್ಲಿ ಈ ಕತೆ ಮರುಕಳಿಸಬಾರದು. ನಮ್ಮ ಮನೆಯ ಮೊಮ್ಮಗುವಿನ ಕಾರ್ಡನ್ನೇ ಮೊನ್ನೆ ತೆಗೆದು ನೋಡಿದೆವು. ಮೂರು ಸೂಜಿಯ ಎದುರು ಟಿಕ್ ಗುರುತು ಇದೆ, ತಾರೀಕು ಒಂದಕ್ಕೂ ಇಲ್ಲ. ತಾರೀಕಿಲ್ಲದ ಟಿಕ್ಕನ್ನು ಕಂಪ್ಯೂಟರಿಗೆ ಏರಿಸುವವನು ಯಾವ ದಿನ ಹಾಕುತ್ತಾನೆ? ತನಗೆ ತೋಚಿದ್ದು.

ಹೆಸರಿನ ವಿಷಯವೇ ದೊಡ್ಡ ಪುರಾಣ. ಹುಟ್ಟಿದ ಕೂಸಿಗೆ ಹೆಸರಿರೋದಿಲ್ಲ. "ಇಂಥವಳ ಮಗು" ಅಂತ ಬರೆದುಕೊಳ್ಳುತ್ತಾರೆ. ಆಮೇಲೆ ಹೆಸರಿಡುತ್ತೇವೆ, ಏನು ಹೆಸರು? ನಾಯಕನಹಟ್ಟಿಯ ಸ್ವಾಮಿ ಹೆಸರು. ಚಳ್ಳಕೆರೆ ಬಸ್ಸಿನಲ್ಲಿ ನಿಂತು "ತಿಪ್ಪೇಸ್ವಾಮಿ" ಅಂತ ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತೆ. ಉಳಿದವರಲ್ಲಿ ಓಬಣ್ಣ, ಬೋರಯ್ಯ, ಪಾಲಯ್ಯ. ತಂದೆಯ ಹೆಸರೂ ಅವೇ. ಆಂಧ್ರದಲ್ಲಿ ಬರೆಯುವಾಗ ಇನ್ನೊಂದು ಕಾಗುಣಿತ, ಇಂಗ್ಲಿಷಿನಲ್ಲಿ ಮೂರನೆಯದು. ಮನೆಯಲ್ಲಿ ಕರೆಯುವ ಹೆಸರು ನಾಲ್ಕನೆಯದು. ಇವನ್ನೆಲ್ಲ ಹೊಂದಿಸಲಿಕ್ಕೆ ಒಂದೇ ದಾರಿ, ಹುಟ್ಟಿದ ದಿನವೇ ಒಂದು ನಂಬರು ಬೀಳಬೇಕು, ಅದು ಜನನ ನೋಂದಣಿಗೆ ಸೇರಬೇಕು. 1969ರ ಕಾಯಿದೆ ಪ್ರಕಾರ 21 ದಿನದೊಳಗೆ ಜನನ ಬರೆಸಬೇಕು. 2023ರ ಅಕ್ಟೋಬರ್ ಒಂದರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಶಾಲೆಗೆ ಸೇರಿಸಲಿಕ್ಕೂ ಆ ಪತ್ರವೇ ಆಧಾರ. ಹೇಗೂ ಬರೆಸಲೇಬೇಕು. ಹಾಗಿದ್ದ ಮೇಲೆ ಅದನ್ನೂ ಸೂಜಿಯ ಲೆಕ್ಕವನ್ನೂ ಒಂದೇ ದಾರಕ್ಕೆ ಪೋಣಿಸುವುದಕ್ಕೆ ಏನು ಕಷ್ಟ?

ಇನ್ನು ಮೊಬೈಲು. ಯು-ವಿನ್ ನೋಂದಣಿ ಮೊಬೈಲ್ ನಂಬರಿನ ಮೇಲೆ. ಯಾರ ಮೊಬೈಲು? ಮನೆಗೆ ಒಂದು, ಅದು ಗಂಡನ ಜೇಬಿನಲ್ಲಿ. "ನಿಮ್ಮ ಮಗುವಿನ ಲಸಿಕೆ ದಿನ ಬಂತು" ಎಂಬ ಸಂದೇಶ ಬೆಂಗಳೂರಿನ ನಾಲ್ಕನೇ ಮಹಡಿಯ ಮೇಲೆ ಸಿಮೆಂಟು ಕಲಸುವವನಿಗೆ ಹೋಗುತ್ತೆ, ಮಗು ಬಿ.ಜಿ. ಕೆರೆಯಲ್ಲಿ ಅಜ್ಜಿಯ ತೊಡೆಯ ಮೇಲೆ. ರೀಚಾರ್ಜ್ ಮುಗಿದರೆ ನಂಬರೇ ಸತ್ತುಹೋಗುತ್ತೆ, ಮುಂದಿನ ಸಲ ಹೊಸ ಸಿಮ್ಮು, ಹೊಸ ನೋಂದಣಿ, ಒಂದೇ ಮಗು ಎರಡಾಗುತ್ತೆ. ಆದ್ದರಿಂದ ಕಾಗದದ ಕಾರ್ಡು, ಸಿಸ್ಟರ್ ರಿಜಿಸ್ಟರು ಎರಡೂ ಉಳಿಯಬೇಕು. ಕಂಪ್ಯೂಟರ್ ಬಂತು ಅಂತ ಅವನ್ನು ಅಟ್ಟಕ್ಕೆ ಎಸೆಯುವ ಅವಸರ ಬೇಡ. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಹತ್ತು ವರ್ಷಗಳ ಹಿಂದೆ ಒಂದು ಪ್ರಯೋಗ ನಡೆಯಿತು. ಮಗುವಿನ ಕೊರಳಿಗೆ ಕಪ್ಪು ದಾರದಲ್ಲಿ ಒಂದು ತಾಯಿತ, ತಾಯಿತದೊಳಗೆ ಸಣ್ಣ ಚಿಪ್ಪು. ಸಿಸ್ಟರ್ ಮೊಬೈಲನ್ನು ಅದಕ್ಕೆ ತಾಗಿಸಿದರೆ ಸಿಗ್ನಲ್ ಇಲ್ಲದಿದ್ದರೂ ಹಾಕಿದ ಸೂಜಿಗಳೆಲ್ಲ ಕಾಣುತ್ತಿದ್ದವು. ಖುಷಿ ಬೇಬಿ ಎಂಬ ಸಂಸ್ಥೆಯವರು ಮಾಡಿದ್ದು. ದೃಷ್ಟಿಯಾಗದಿರಲಿ ಅಂತ ನಮ್ಮ ಮಕ್ಕಳ ಕೊರಳಲ್ಲೂ ಕಪ್ಪು ದಾರ ಇದ್ದೇ ಇದೆ. ಅದೇ ವಸ್ತು ನಮಗೂ ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಜನರ ಅಭ್ಯಾಸ ನೋಡಿ ಯಂತ್ರ ಮಾಡಿದರು, ಯಂತ್ರ ನೋಡಿ ಜನ ಅಭ್ಯಾಸ ಬದಲಿಸಲಿ ಎನ್ನಲಿಲ್ಲ, ಅದು ಮೆಚ್ಚಬೇಕಾದ ಮಾತು.

ನಮ್ಮ ಕಡೆಯ ಅಭ್ಯಾಸಗಳಲ್ಲಿ ಇನ್ನೊಂದನ್ನು ಹೇಳದೆ ಬಿಡುವಂತಿಲ್ಲ. ಗೊಲ್ಲರ ಹಟ್ಟಿಗಳಲ್ಲಿ ಸೂತಕದ ದಿನಗಳಲ್ಲಿ ಬಾಣಂತಿ, ಕೂಸು ಊರ ಹೊರಗಿನ ಗುಡಿಸಲಿನಲ್ಲಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಹಟ್ಟಿಯವರನ್ನು ಹೀಯಾಳಿಸುವ ಭಾಷಣ ಬೇಕಾದಷ್ಟು ಆಗಿವೆ. ಆ ದಿನಗಳಲ್ಲಿ ಆ ಕೂಸು ಎಲ್ಲಿದೆ ಎಂದು ಬರೆದುಕೊಂಡು ಅಲ್ಲಿಗೇ ಹೋಗುವವರು ಬೇಕು. ಹಟ್ಟಿಯ ಹಿರಿಯರೂ ಈ ಬಗ್ಗೆ ತಮ್ಮೊಳಗೆ ಕೂತು ಮಾತಾಡಬೇಕು, ಅದು ಅವರಿಂದಲೇ ಆಗಬೇಕಾದದ್ದು.

ಬರೆಯುವವರು ಯಾರು? ಇಲ್ಲಿ ಸರ್ಕಾರದ ಬಂಡವಾಳ ಬಯಲಾಗುತ್ತೆ. 2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಬಂದಾಗ ಆಶಾ ಎಂಬ ಹೆಸರಿಟ್ಟು ನಮ್ಮದೇ ಊರಿನ ಸೊಸೆಯರನ್ನು ಕೆಲಸಕ್ಕೆ ಹಚ್ಚಿದರು, "ಸ್ವಯಂಸೇವಕಿ" ಎಂದು ಕರೆದರು. ಸಂಬಳವಲ್ಲ, ಗೌರವಧನ, ಕೆಲಸಕ್ಕೆ ಇಷ್ಟು ಅಂತ ಪ್ರೋತ್ಸಾಹಧನ. ಪೋರ್ಟಲಿನಲ್ಲಿ ಏರದ ಕೆಲಸಕ್ಕೆ ದುಡ್ಡಿಲ್ಲ. ಮನೆಮನೆ ತಿರುಗಿ ಬಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಪುಸ್ತಕ ಬರೆಯುತ್ತಾರೆ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲೂ ರಾತ್ರಿ ಕುಳಿತದ್ದನ್ನು ಪತ್ರಿಕೆಯಲ್ಲಿ ನೋಡಿದಿರಿ. ಬೆಂಬಲ ಬೆಲೆಗೆ ಅಂತ ಅದೇ ನೆಲದ ಮೇಲೆ ಕುಳಿತ ನಮಗೆ ಆ ಕಲ್ಲಿನ ತಣ್ಣಗೆ ಗೊತ್ತು. ಒಂದೇ ಸೂಜಿಯನ್ನು ನಾಲ್ಕು ಕಡೆ ಬರೆಯಿಸುವ ಪದ್ಧತಿ ಮೊದಲು ನಿಲ್ಲಬೇಕು. ಒಂದು ಕಡೆ ಬರೆದದ್ದು ಉಳಿದ ಕಡೆ ತಾನೇ ಹೋಗುವಂತೆ ಮಾಡುವುದು ಇಲಾಖೆಗಳ ಕೆಲಸ, ಹೆಣ್ಣುಮಕ್ಕಳ ಬೆರಳಿನ ಕೆಲಸವಲ್ಲ. ಬರೆಯುವ ಕೆಲಸಕ್ಕೆ ಬೇರೆಯಾಗಿ ಕೂಲಿ ಕಟ್ಟಬೇಕು. ದುಡಿಮೆಗೆ ನ್ಯಾಯವಾದ ಬೆಲೆ ಕೇಳುವ ನಾವು ಇದನ್ನು ಕೇಳದಿದ್ದರೆ ನಮ್ಮ ಬಾಯಿಗೆ ಬೆಲೆಯಿಲ್ಲ.

ಒಂದು ಎಚ್ಚರಿಕೆ ಕೂಡ. ಲೆಕ್ಕ ಹಂಚಿಕೊಳ್ಳೋದು ಅಂದರೆ ಸಂತೆಯಲ್ಲಿ ಹರವೋದಲ್ಲ. 2023ರ ಜೂನಿನಲ್ಲಿ ಕೋವಿನ್ ಮಾಹಿತಿ ಟೆಲಿಗ್ರಾಂನಲ್ಲಿ ಕೇಳಿದವರಿಗೆಲ್ಲ ಸಿಗುತ್ತಿದೆ ಎಂಬ ಸುದ್ದಿ ಬಂದಿತ್ತು, ಸರ್ಕಾರ ಅಲ್ಲಗಳೆಯಿತು. ಮಗುವಿನ ಲೆಕ್ಕ ಲಸಿಕೆ ಹಾಕುವವರ ಕೈಯಲ್ಲಿರಲಿ, ವಿಮೆ ಕಂಪನಿಯವರ, ಪುಡಿ ಹಾಲು ಮಾರುವವರ ಕೈಗೆ ಹೋಗದಿರಲಿ. ಸೂಜಿ ತಪ್ಪಿತು ಎಂಬ ನೆಪದಲ್ಲಿ ರೇಷನ್ ಕಡಿಯುವ ಬುದ್ಧಿವಂತರೂ ಹುಟ್ಟಬಹುದು, ಅಂಥದ್ದಕ್ಕೆ ಈಗಲೇ ಬೇಡ ಅಂತ ಹೇಳಿಬಿಡುತ್ತೇವೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ಎಲ್ಲ ಮೂಲ ಲಸಿಕೆ ಆದವರು 2015-16ರಲ್ಲಿ ನೂರಕ್ಕೆ 63 ಇದ್ದದ್ದು 2019-21ರ ಹೊತ್ತಿಗೆ 84ಕ್ಕೆ ಏರಿದೆ. ಒಳ್ಳೆಯದೇ. ಆದರೆ ಆ ಸಮೀಕ್ಷೆಯಲ್ಲೂ ಕಾರ್ಡು ಸಿಗದ ಕಡೆ ತಾಯಿ ನೆನಪಿನಿಂದ ಹೇಳಿದ್ದನ್ನೇ ಬರೆದುಕೊಂಡದ್ದು. ದಡಾರವನ್ನು ತಡೆಯಲಿಕ್ಕೆ ನೂರಕ್ಕೆ 95 ಮಕ್ಕಳಿಗೆ ಎರಡು ಸುತ್ತೂ ಆಗಿರಬೇಕು. ಅಷ್ಟು ಹಟಮಾರಿ ರೋಗ ಅದು. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆ ಕೋಣೆಯ ಗಾಳಿಯಲ್ಲಿರುತ್ತೆ. ರಾಜ್ಯದ ಸರಾಸರಿ ನಮಗೆ ಬೇಕಾಗಿಲ್ಲ. ಸರಾಸರಿ ಮಳೆ ಚೆನ್ನಾಗಿದೆ ಎಂದು ಬೆಳೆವಿಮೆಯವನು ಹೇಳಿದಾಗ ನಮ್ಮ ಹೊಲ ಒಣಗಿರುತ್ತಲ್ಲ, ಇದೂ ಅದೇ ಜಾತಿ. ನಮ್ಮ ಪಂಚಾಯಿತಿಯಲ್ಲಿ ಎಷ್ಟು ಮಕ್ಕಳು, ಎಷ್ಟಕ್ಕೆ ಬಾಕಿ, ಅದು ಹೇಳಿ.

ಈಗ ನಮ್ಮ ಕಡೆಗೂ ಬೆರಳು ತೋರಿಸಿಕೊಳ್ಳೋಣ. ಜಮೀನಿದ್ದವರು ನಾವು. ಕುರಿ ಮಂದೆ ತರುಬಿಸುವಾಗ ರಾತ್ರಿಗೆ ಇಷ್ಟು ಅಂತ ತಲೆ ಎಣಿಸಿ ಮಾತಾಡುತ್ತೇವೆ. ಕುರಿಗಳ ಎಣಿಕೆ ತಪ್ಪೋದಿಲ್ಲ. ಮಂದೆಯ ಹಿಂದೆ ಕತ್ತೆಯ ಮೇಲೆ ಕೂತು ಬಂದ ಎರಡು ಕೂಸುಗಳನ್ನು ಯಾರೂ ಎಣಿಸಿಲ್ಲ. ಶೇಂಗಾ ಕೀಳಲಿಕ್ಕೆ ಗಡಿಯಾಚೆಯಿಂದ ಆಳು ಕರೆಸುತ್ತೇವೆ, ಬದುವಿನ ಮರಕ್ಕೆ ಜೋಲಿ ಕಟ್ಟಿ ಮಗುವನ್ನು ಮಲಗಿಸಿರುತ್ತಾರೆ. ಆ ಮಗುವಿನ ದಡಾರ ನಮ್ಮ ಮಗುವಿಗೆ ಬರುವಾಗ ಪಹಣಿ ಕೇಳೋದಿಲ್ಲ. ಆಳುಗಳು ಬಂದ ದಿನ ಊರಿನ ಆಶಾಗೆ ಒಂದು ಮಾತು, "ಯವ್ವಾ, ನಮ್ಮ ಹೊಲದಾಗೆ ಇಷ್ಟು ಮಕ್ಕಳವೆ, ನೋಡು" ಅಂತ ಹೇಳಿದರೆ ನಮ್ಮ ಗಂಟೇನು ಹೋಗುತ್ತೆ? ಸೂಜಿ ಹಾಕಿಸುವ ದಿನ ತಾಯಿಗೆ ಅರ್ಧ ದಿನ ಬಿಟ್ಟು ಕೂಲಿ ಪೂರ್ತಿ ಕೊಡಿ. ಸೂಜಿ ಬಿದ್ದ ರಾತ್ರಿ ಮಗುವಿಗೆ ಜ್ವರ ಬರುತ್ತೆ, ಮಾರನೇ ದಿನ ಕೆಲಸಕ್ಕೆ ಬರಲಿಲ್ಲ ಅಂತ ಬೈಯಬೇಡಿ.

ಪ್ರತಿ ಊರಿಗೂ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆಯ ಸಮಿತಿ ಅಂತ ಒಂದಿದೆ. ಮಿಷನ್ ನಿಯಮದಲ್ಲಿ ಅದಕ್ಕೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿ ಎಂದಿದೆ. ನಿಮ್ಮೂರಿನಲ್ಲಿ ಅದರ ಸದಸ್ಯರು ಯಾರು ಅಂತ ಕೇಳಿ, ಬಹಳ ಕಡೆ ಸದಸ್ಯರಿಗೇ ಗೊತ್ತಿರಲಿಕ್ಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಮನೆ ಹಂಚಿಕೆ ಗಲಾಟೆ ಮುಗಿದ ಮೇಲಾದರೂ ಎದ್ದು ನಿಂತು, ನಮ್ಮ ಪಂಚಾಯಿತಿಯ ಎರಡು ವರ್ಷದೊಳಗಿನ ಮಕ್ಕಳೆಷ್ಟು, ಬಾಕಿ ಎಷ್ಟು, ವಲಸೆ ಎಂದು ಬರೆದದ್ದೆಷ್ಟು ಎಂದು ಕೇಳಿ. ಸಂಖ್ಯೆ ಸಾಕು, ಹೆಸರು ಓದುವುದು ಬೇಡ, ಯಾವ ತಾಯಿಯನ್ನೂ ಸಭೆಯಲ್ಲಿ ನಾಚಿಸುವುದು ಬೇಡ. ಊರು ಬಿಟ್ಟು ಹೊರಡುವವರ ಪಟ್ಟಿಯನ್ನು ದೀಪಾವಳಿ ಕಳೆದ ಮೇಲೆ ಪಂಚಾಯಿತಿ ಬರೆದು, ಯಾವ ಊರಿಗೆ ಹೋದರೋ ಅಲ್ಲಿಯ ಆರೋಗ್ಯ ಕೇಂದ್ರಕ್ಕೆ ತಿಳಿಸಲಿ.

ಗಡಿಯ ವಿಷಯ ಮಾತ್ರ ನಮ್ಮ ಕೈಯಲ್ಲಿಲ್ಲ. ಚಿತ್ರದುರ್ಗ ಮತ್ತು ಅನಂತಪುರ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ತಿಂಗಳಿಗೊಮ್ಮೆ ಮೊಳಕಾಲ್ಮೂರಿನಲ್ಲೋ ರಾಯದುರ್ಗದಲ್ಲೋ ಒಂದು ಮೇಜಿನ ಸುತ್ತ ಕುಳಿತು ತವರಿನಲ್ಲಿ ಹುಟ್ಟಿದ ಮಕ್ಕಳ ಪಟ್ಟಿ ಅದಲುಬದಲು ಮಾಡಿಕೊಳ್ಳಬೇಕು, ಯು-ವಿನ್‌ನಲ್ಲಿ ಏರದ ಹಳೆಯ ಸೂಜಿಗಳನ್ನು ಕಾರ್ಡು ನೋಡಿ ಏರಿಸಬೇಕು. ಚುನಾವಣೆ ಬಂದರೆ ಇದೇ ಎರಡು ಜಿಲ್ಲೆಯವರು ಸಾರಾಯಿ, ದುಡ್ಡು ಗಡಿ ದಾಟದಂತೆ ಕೂತು ಮಾತಾಡೋದಿಲ್ಲವೆ? ಈ ಬಗ್ಗೆ ಮನವಿ ಬರೆದಿದ್ದೇವೆ. ಸಹಿ ಹಾಕುವವರು ಬರುವಾಗ ಮನೆಯಲ್ಲಿರುವ ಮಕ್ಕಳ ಕಾರ್ಡುಗಳನ್ನೂ ತನ್ನಿ, ತೆಲುಗಿನದ್ದಾದರೂ ಸರಿ, ಹರಿದದ್ದಾದರೂ ಸರಿ. ಒಂದು ಜೆರಾಕ್ಸ್ ಮಾಡಿಸಿ ಪಹಣಿ, ಪಾಸ್ ಪುಸ್ತಕ ಇಟ್ಟಿರುವ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಅಸಲು ಕಾರ್ಡು ತಾಯಿಯ ಹತ್ತಿರ, ತಾಯಿ ಹೋದಲ್ಲಿಗೆ ಹೋಗಲಿ.